ಎತ್ತಂಗಡಿಯ ದಿನ

ಠಪ್, ಮತ್ತೆ ಠಪ್ — ಗೋಡೆಯಾಚೆ ಐಸ್ ಹಾಕಿಯ ರಬ್ಬರ್ ಬಿಲ್ಲೆ, ಪಕ್, ಅಂಚಿನ ಹಲಗೆಗೆ ಬಡಿಯುತ್ತಿದೆ, ಇದು ಎಡಗಡೆಯ ಮೂಲೆ, ಹೊಡೆದವನು ಈಟು, ಅವನ ಹೊಡೆತದ ಸದ್ದು ಯಾವಾಗಲೂ ಒಂದು ಗುಲಗಂಜಿ ತಡ, ಮಂಡಿ ಬಗ್ಗಿಸೋ, ಎಷ್ಟು ಸಲ ಬಡ್ಕೋಬೇಕು ನಿನ್ನ ಹತ್ರ, ಅನ್ನುವ ಮಾತು ಬಾಯಿಗೆ ಬಂದು ಖಾಲಿ ಕೋಣೆಯಲ್ಲಿ ವಾಪಸು ನುಂಗಬೇಕಾಯಿತು. ಎಲ್ಲರೂ ಐಸ್ ಮೇಲಿದ್ದಾರೆ. ನಾನೊಬ್ಬ ಮಾತ್ರ ಇಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಭುಜದ ಕವಚ ಮೊಣಕಾಲಿನ ಕವಚ ಎಲ್ಲ ಬಿಗಿದುಕೊಂಡು, ಎಡಗಾಲಿನ ಸ್ಕೇಟು ಮೊದಲು, ಬಲಗಾಲಿನದು ಆಮೇಲೆ, ಮದುವೆ ಗಂಡಿನ ಹಾಗೆ ಸಿಂಗಾರವಾಗಿ ಕೂತಿದ್ದೇನೆ. ಬಾಗಿಲವರೆಗೆ ಹೋಗಿದ್ದೆ ಕೂಡ. ಕೋಚ್ ಅಡ್ಡ ಬಂದ, ನನ್ನ ಮುಖ ನೋಡಲಿಲ್ಲ, ಹೆಲ್ಮೆಟ್ಟನ್ನು ನೋಡಿದ, ಇವತ್ತು ಬೇಡ ಓಲಿ, ನೀನು ಇಳೀಬೇಡ, ಅಷ್ಟೇ, ಹೊರಟೇಬಿಟ್ಟ. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಇವತ್ತೇ ಕೊನೆಯ ದಿನ, ಇಂಥ ದಿನ ಒಬ್ಬನಿಗೆ ಇಳೀಬೇಡ ಅಂದರೆ ಏನರ್ಥ ಅಂತ ನಮ್ಮಲ್ಲಿ ಹಸುಗೂಸಿಗೂ ಗೊತ್ತು — ಸಾಗಹಾಕುವ ಸಾಮಾನಿಗೆ ಗೀರು ಬೀಳಬಾರದು. ಥೂ, ಇವರ ಮುಖಕ್ಕಿಷ್ಟು.

ಗಾರ್ತ್ ಬೆಳಿಗ್ಗೆಯೇ ಫೋನ್ ಮಾಡಿದ್ದ, ನಾನು ಅಂಗಳದಲ್ಲಿ ನಿಂತು ಎಂಜಿನ್ ಹೆಪ್ಪುಗಟ್ಟದಿರಲೆಂದು ರಾತ್ರಿ ಸಿಕ್ಕಿಸಿಟ್ಟ ಕಾರಿನ ಹೀಟರ್ ವೈರು ಕೀಳುತ್ತಿದ್ದೆ, ಚಳಿಗೆ ವೈರು ಕಬ್ಬಿಣದ ಸರಳಿನ ಹಾಗೆ ಸೆಟೆದಿತ್ತು. ಹತ್ತು ಚಳಿಗಾಲ ನನ್ನ ಬಲಗಡೆ ಆಡಿದವನು ಗಾರ್ತ್, ನನ್ನ ಪಾಸು ಎಲ್ಲಿ ಬೀಳುತ್ತದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ, ಈಗ ಟೈ ಕಟ್ಟಿಕೊಂಡು ಮೇಲಿನ ಮಹಡಿಯಲ್ಲಿ ಕೂರುತ್ತಾನೆ, ತಂಡದ ಮ್ಯಾನೇಜರು. ಬೇಜಾರ್ ಮಾಡ್ಕೋಬೇಡ ಮಾರಾಯ, ಅಂದಾಗಲೇ ನನಗೆ ಗೊತ್ತಾಯಿತು. ಆ ಮರುಭೂಮಿ ಊರಿನವರು ನಿನ್ನನ್ನ ತಗೋತೀವಿ ಅಂತಿದ್ದಾರೆ, ಆದ್ರೆ ನೀನು ಆಡ್ಬೇಕಾಗಿಲ್ಲ, ಅದೇ ಚೆಂದ ನೋಡು, ಮಂಡಿ ಹೋಗಿದೆ ಅಂತ ಡಾಕ್ಟರ್ ಬರೀತಾರೆ, ನೀನು ಅಲ್ಲಿಗೆ ಹೋಗೋದೂ ಬೇಡ, ಸಂಬಳದ ಪಾಡಿಗೆ ಸಂಬಳ ಬರುತ್ತೆ, ಮೀನು ಹಿಡ್ಕೊಂಡು ಆರಾಮಾಗಿರು. ಆಡದೇ ಇರೋನನ್ನ ಕಟ್ಕೊಂಡು ಅವರೇನು ಉಪ್ಪಿನಕಾಯಿ ಹಾಕ್ತಾರಾ ಅಂತ ಕೇಳಿದೆ. ಅವನು ನಗಲಿಲ್ಲ. ಮೊದಲಾದರೆ ನಗುತ್ತಿದ್ದ. ನಿನ್ನ ಸಂಬಳ ಬೇಕು ಓಲಿ ಅವರಿಗೆ, ಲೆಕ್ಕ ತುಂಬಿಸೋಕೆ. ನಮ್ಮ ಲೀಗಿನ ಕಟ್ಟಳೆ ಅದು, ಒಂದು ತಂಡದ ಒಟ್ಟು ಸಂಬಳ ಇಷ್ಟಕ್ಕಿಂತ ಮೇಲೆ ಹೋಗಬಾರದು, ಇಷ್ಟಕ್ಕಿಂತ ಕೆಳಗೂ ಇಳಿಯಬಾರದು, ನಮಗೆ ಮೇಲಿನ ಗೆರೆ ತಾಗಿದೆ, ಅವರಿಗೆ ಕೆಳಗಿನದು. ಅಂದರೆ ಅವರಿಗೆ ನಾನು ಬೇಡ, ನನ್ನ ಹೆಸರಿನ ಮುಂದಿರುವ ಅಂಕಿ ಸಾಕು. ಮಂಡಿ ಬೇಡ, ಹೊಡೆತ ಬೇಡ, ಮುಂದಿನ ಎರಡು ಹಲ್ಲು ಈ ಊರಿನ ಐಸ್ ಮೇಲೆ ಉದುರಿದ್ದು ಬೇಡ.

ಆದರೆ ನಾನು ಹ್ಞೂಂ ಅನ್ನದೆ ಇವರಪ್ಪನ ಕೈಲೂ ಆಗುವುದಿಲ್ಲ. ಒಪ್ಪಂದದಲ್ಲೇ ಹಾಗಿದೆ, ನನ್ನ ಒಪ್ಪಿಗೆಯಿಲ್ಲದೆ ಎಲ್ಲಿಗೂ ಎತ್ತಂಗಡಿ ಮಾಡುವಂತಿಲ್ಲ, ಅದನ್ನು ಸೇರಿಸಿದವನೇ ಗಾರ್ತ್, ಕೈ ಕುಲುಕುತ್ತ ಹೇಳಿದ್ದ, ಇದೇ ಊರಲ್ಲಿ ಸಾಯಿ ಅಂತ ಬರ್ಕೊಟ್ಟಿದ್ದೀನಿ ಕಣೋ, ಆಗ ನಾನು ಊರಿಗೆಲ್ಲ ದೇವರು, ಪೆಟ್ರೋಲ್ ಬಂಕಿನಲ್ಲಿ ಕಾಫಿಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಇಲ್ಲ ಅಂದರೆ ಏನಾಗುತ್ತದೆ, ಸೂಟು ಹಾಕಿಸಿ ಪತ್ರಕರ್ತರ ಸಾಲಿನಲ್ಲಿ ಕೂರಿಸುತ್ತಾರೆ, ಮೇಲೆ, ಸೂರಿನ ಹತ್ತಿರ, ಪಾಪ್‌ಕಾರ್ನ್ ತಿನ್ನುತ್ತ ಆಟ ನೋಡುವುದು, ಒಪ್ಪಂದ ಮುಗಿಯುವವರೆಗೂ ತಿನ್ನುತ್ತೇನೆ, ಕೂರಿಸಲಿ ಬಿಡು, ಹಟವೆಂದರೆ ಹಟ — ಅಂತಲೇ ಹೇಳುವವನಿದ್ದೆ, ಅಷ್ಟರಲ್ಲಿ ಅವನು ಮೆಲ್ಲಗೆ, ನೀನಿದ್ರೆ ಈಟು ಇರಲ್ಲ ಓಲಿ, ಬೇಸಿಗೆಗೆ ಅವನ ಒಪ್ಪಂದ ಮುಗಿಯುತ್ತೆ, ಇಬ್ಬರಿಗೂ ಜಾಗ ಇಲ್ಲ, ಇವತ್ತು ನೀನಲ್ಲದಿದ್ರೆ ಅವನು. ಈಟು ಫಿನ್‌ಲೆಂಡಿನಿಂದ ಬಂದಿಳಿದಾಗ ನಮ್ಮ ನೆಲಮಾಳಿಗೆಯಲ್ಲೇ ಇದ್ದ, ನನ್ನ ಹೆಂಡತಿ ಜೋಲೀನ್ ಮಾಡಿದ ಪೆರೋಗಿಯನ್ನು, ಆಲೂಗಡ್ಡೆ ತುಂಬಿದ ಕಡುಬನ್ನು, ತಟ್ಟೆಗಟ್ಟಲೆ ಬಾರಿಸುತ್ತಿದ್ದ, ನನ್ನನ್ನು ತಾತ ಅಂತ ಕರೆಯಲು ಶುರುಮಾಡಿದ್ದೂ ಅವನೇ, ತಾತ, ಸ್ವಲ್ಪ ಜೋರಾಗಿ ಓಡಿ, ಇಲ್ಲಾಂದ್ರೆ ಐಸ್ ಕರಗೋಗುತ್ತೆ. ಈಗ ಅವನಿಗೊಂದು ಮಗುವಿದೆ, ಈ ಊರಿನಲ್ಲೇ ಮನೆ ನೋಡುತ್ತಿದ್ದಾನೆ, ನಿನ್ನೆ ಕೂಡ ಕೇಳಿದ, ನದಿ ಪಕ್ಕ ತಗೊಂಡ್ರೆ ನೀರು ನುಗ್ಗುತ್ತಾ ತಾತ?

ಜೋಲೀನ್ ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು, ಒಳಗೆ ಹೋದೆ, ಹೇಳಿದೆ, ಅವಳು ಒಲೆ ಆರಿಸಿದಳು. ತಂಡಕ್ಕೆಲ್ಲ ನಾನು ಓಲಿ, ಅವಳಿಗೆ ಮಾತ್ರ ಡೆರಿಕ್. ಇಲ್ಲ ಅನ್ನೋದಾದ್ರೆ ಅನ್ನು, ನಾನಿದ್ದೀನಿ ನಿನ್ನ ಜೊತೆ, ಆದ್ರೆ ಡೆರಿಕ್, ಮಂಡಿ ಸರಿಯಿದೆ ಅಂತ ಮಾತ್ರ ನನ್ನ ಹತ್ರ ಹೇಳ್ಬೇಡ, ಮೆಟ್ಟಿಲು ಹತ್ತುವಾಗ ನೀನು ಗೋಡೆ ಹಿಡ್ಕೊಳ್ಳೋದು ಕೇಳಿಸಲ್ಲ ಅಂದ್ಕೊಂಡಿದ್ದೀಯಾ. ನಾನು ಸಿಡುಕಿದೆ, ಗೋಡೆ ನನ್ನದು, ಹಿಡ್ಕೋತೀನಿ, ನಿನಗೇನು. ಅವಳ ಕಣ್ಣು ತುಂಬಿತು. ಪಾಪ, ಅವಳ ಮೇಲೆ ಯಾಕೆ ಹರಿಹಾಯ್ದೆನೋ.

ಠಪ್ — ಈ ಸಲ ಸರಿಯಾಗಿ ಹೊಡೆದ, ಮಂಡಿ ಬಗ್ಗಿಸಿದ್ದಾನೆ. ಐಸಿನ ವಾಸನೆ ಬಾಗಿಲ ಸಂದಿಯಿಂದ ಇಲ್ಲಿಗೂ ಬರುತ್ತಿದೆ, ಐಸಿಗೆ ವಾಸನೆಯೆಲ್ಲಿ ಅಂತ ಹೊರಗಿನವರು ನಗುತ್ತಾರೆ, ಇದೆ, ಅಪ್ಪನ ಹಿತ್ತಿಲಲ್ಲೂ ಇದೇ ಇತ್ತು, ಪೈಪು ಹಿಡಿದು ಕತ್ತಲಾಗುವವರೆಗೆ ನೀರು ಬಿಡುತ್ತಿದ್ದ ಅಪ್ಪ, ಬೆಳಗಾಗುವಷ್ಟರಲ್ಲಿ ಗಾಜು. ನಾನು ಆಡಿ ಬಂದೊಡನೆ ಕಾಲು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಅಂಗಿಯ ತುದಿಯಿಂದಲೇ ಸ್ಕೇಟಿನ ಅಲಗು ಒರೆಸುತ್ತಿದ್ದ, ಡೀಸೆಲ್ ನಾತದ ಅಂಗಿ, ನೀರು ಬಿಟ್ರೆ ತುಕ್ಕು ತಿನ್ನುತ್ತೆ ಕಣೋ, ನೀನು ಮಲಗಿದ್ದಾಗ ತಿನ್ನುತ್ತೆ, ಒರೆಸು, ಮೊದಲು ಅಲಗು, ಆಮೇಲೆ ಊಟ. ಹೋದ ಶರತ್ಕಾಲದಲ್ಲಿ ಆಸ್ಪತ್ರೆಯಲ್ಲಿ ಅಪ್ಪನಿಗೆ ನನ್ನ ಗುರುತು ಸಿಗುತ್ತಿರಲಿಲ್ಲ, ಹೊದಿಕೆಯ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜುತ್ತಲೇ ಇದ್ದ, ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ, ಕೈ ನಡುಕ ಇರಬೇಕು ಅಂದಳು ನರ್ಸು. ನಡುಕವಲ್ಲ ತಾಯಿ ಅದು. ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ, ಎಂಜಿನ್ ಚಾಲೂ ಮಾಡಿ ಅತ್ತೆ, ಯಾರಿಗೂ ಕೇಳಿಸದಿರಲಿ ಅಂತ.

ಫೋನು ಬೆಂಚಿನ ಮೇಲೆ ಗುರ್ ಎನ್ನುತ್ತಿದೆ, ಗಾರ್ತ್. ಹುಡುಗರು ಒಳಗೆ ಬರೋಷ್ಟರಲ್ಲಿ ಒಂದು ಮಾತು ಹೇಳ್ಬಿಡು ಓಲಿ. ನಾನು ಮೊಣಕಾಲು ನೋಡಿಕೊಂಡೆ. ಈಟು ಅಲ್ಲಿ ಯಾರನ್ನೋ ರೇಗಿಸಿ ಕೇಕೆ ಹಾಕಿದ. ಆಯ್ತು, ಅಂದೆ. ಎರಡಕ್ಷರ. ಗಾರ್ತ್ ಉಸಿರು ಬಿಟ್ಟ ಸದ್ದು ಕಿವಿಗೆ ಬಿತ್ತು, ಹೊತ್ತ ಮೂಟೆ ಇಳಿಸಿದವನ ಉಸಿರು, ಆ ಮೂಟೆ ನಾನು. ನೀನು ಬಂಗಾರ ಮಾರಾಯ, ಅಂದ. ಬಂಗಾರವಂತೆ. ಒಂದು ಕೇಳ್ತೀನಿ ಗಾರ್ತ್, ಎಲ್ಲ ಹಾಕ್ಕೊಂಡೇ ಇದ್ದೀನಿ, ಒಂದು ಸುತ್ತು ಹೋಗಿ ಬರ್ಲಾ, ಒಂದೇ ಒಂದು ಸುತ್ತು, ಪಕ್ ಮುಟ್ಟಲ್ಲ. ನನ್ನ ಪಾಸಿಗೆ ಕಣ್ಣು ಮುಚ್ಚಿಕೊಂಡು ಬರುತ್ತಿದ್ದವನು ಅಂದ, ಬೇಡ ಓಲಿ, ಯಾರಾದ್ರೂ ಫೋಟೋ ತೆಗೆದ್ರೆ ಕಷ್ಟ, ನಡೆಯೋಕೂ ಆಗಲ್ಲ ಅಂತ ಡಾಕ್ಟರ್ ಬರೆದಾಗಿದೆ. ಬರೆದಾಗಿದೆ. ನಾನು ಆಯ್ತು ಅನ್ನುವ ಮೊದಲೇ.

ಬಾಗಿಲು ದಡಾರನೆ ತೆರೆಯಿತು, ಹುಡುಗರೆಲ್ಲ ಒಳನುಗ್ಗಿದರು, ಬೆವರು, ಹಬೆ, ನಗು, ನನ್ನನ್ನು ಕಂಡೊಡನೆ ನಗು ಅಲ್ಲಲ್ಲೇ ಸತ್ತಿತು, ಎಲ್ಲರಿಗೂ ಗೊತ್ತಾಗಿದೆ, ಯಾರೂ ಕೇಳುವುದಿಲ್ಲ, ನಮ್ಮಲ್ಲಿ ಕೇಳುವುದಿಲ್ಲ. ಈಟು ನನ್ನ ಪಕ್ಕ ಧೊಪ್ಪನೆ ಕೂತ, ಬೆಂಚು ಅಲುಗಿತು, ತಾತ ಅಂದ. ತನ್ನ ಅಲಗು ಒರೆಸಿಕೊಂಡು, ದಿನಾ ಮಾಡುವ ಹಾಗೆ ಟವೆಲನ್ನು ನನ್ನ ಕಡೆ ಎಸೆದ. ದಿನಾ ಮಾಡುವ ಹಾಗೆ ನಾನೂ ಹಿಡಿದೆ, ಬಗ್ಗಿದೆ, ಎಡಗಾಲು ಮೊದಲು, ಅವನು ಒರೆಸಿದ ತೇವ ಬಿಟ್ಟು ಒಣಗಿದ್ದ ಮೂಲೆ ಹುಡುಕಿ ಹಿಮ್ಮಡಿಯಿಂದ ತುದಿಯವರೆಗೆ ಎಳೆದೆ, ಟವೆಲ್ ನೋಡಿದೆ, ಒಣಗಿಯೇ ಇದೆ, ಇನ್ನೊಂದು ಸಲ ಎಳೆದೆ, ಸುತ್ತಲೂ ಎಲ್ಲರ ಕಾಲಡಿ ರಬ್ಬರ್ ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿದೆ, ಅಪ್ಪಾ, ಮೊದಲು ಅಲಗು ಆಮೇಲೆ ಊಟ, ಬಲಗಾಲು ಎತ್ತಿ ತೊಡೆಯ ಮೇಲಿಟ್ಟೆ, ಒರೆಸಿದೆ, ಒಣಗಿದೆ, ಒರೆಸುತ್ತಿದ್ದೇನೆ, ಹಿಂದಕ್ಕೆ, ಮುಂದಕ್ಕೆ, ಟವೆಲಿನ ಮೂಲೆ ಒಣಗಿಯೇ ಇದೆ