ಮೇಷ್ಟ್ರ ಎಡ ಶ್ವಾಸಕೋಶ

ತೈನಾನಿನ ಡಾಕ್ಟರ್ ಕೊ ಯಾ-ಹ್ವೆಗೆ ಎದೆಯ ಶಸ್ತ್ರಚಿಕಿತ್ಸೆ ಕಲಿಸಿದವರು ಡಾಕ್ಟರ್ ತೂ. ಶ್ವಾಸಕೋಶದ ಕ್ಯಾನ್ಸರ್ ಗಂಟು ಎಷ್ಟೇ ಸಣ್ಣದಿರಲಿ, ಅದು ಕೂತ ಹಾಲೆಯನ್ನು, ಅಂದರೆ ಶ್ವಾಸಕೋಶದ ಆ ದೊಡ್ಡ ಪಾಲನ್ನು, ಪೂರ್ತಿ ತೆಗೆದುಬಿಡಬೇಕು ಎಂಬುದು ಅವರ ಪಾಠ. ಯಾ-ಹ್ವೆಯ ಬಳಿ ಬರುತ್ತಿದ್ದವರಲ್ಲಿ ಹೆಚ್ಚಿನವರು ಸಿಗರೇಟು ಮುಟ್ಟಿಯೂ ಗೊತ್ತಿಲ್ಲದ ಹೆಂಗಸರು, ಗಂಟೋ ಬಟಾಣಿಯಷ್ಟು. ಅಷ್ಟಕ್ಕೆ ಇಡೀ ಹಾಲೆ ಯಾಕೆ, ಸುತ್ತಲಿನ ಒಂದು ಭಾಗ ತೆಗೆದರೆ ಸಾಲದೇ ಎಂದು ಅವಳಿಗೆ ಅನ್ನಿಸತೊಡಗಿತು. ಅನ್ನಿಸಿದರಷ್ಟೇ ಆಯಿತೇ? ಕೆಲವು ಆಸ್ಪತ್ರೆಗಳನ್ನು ಸೇರಿಸಿಕೊಂಡು ಅಧ್ಯಯನ ಶುರುಮಾಡಿದಳು. ಒಪ್ಪಿದ ರೋಗಿಗಳಲ್ಲಿ ಯಾರಿಗೆ ಪೂರ್ತಿ ಹಾಲೆ, ಯಾರಿಗೆ ಬರೀ ಭಾಗ ಎಂದು ಕಂಪ್ಯೂಟರ್ ಚೀಟಿ ಎತ್ತುತ್ತಿತ್ತು. ಆಮೇಲೆ ವರ್ಷಗಟ್ಟಲೆ ಅವರನ್ನು ಗಮನಿಸುವುದು.

ವೈದ್ಯರ ಸಭೆಯಲ್ಲಿ ತೂ ಎದ್ದು ನಿಂತರು. "ಯಾ-ಹ್ವೆ, ನಿಂಗೆ ಕರುಣೆ ಜಾಸ್ತಿ. ಗಂಟಿಗೆ ಅದಿಲ್ಲ ಕಣಮ್ಮ!"

ಸಭೆಯೆಲ್ಲ ನಕ್ಕಿತು. ಅವಳೂ ನಕ್ಕಳು, ಆದರೆ ಕಿವಿ ಕೆಂಪಾಯಿತು. ಹೊಸ ವರ್ಷಕ್ಕೆ ಮೇಷ್ಟ್ರ ಮನೆಗೆ ಕಿತ್ತಳೆ ಒಯ್ಯುವುದನ್ನು ಅವಳು ಬಿಡಲಿಲ್ಲ. ಅಧ್ಯಯನದ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ನಿವೃತ್ತರಾದ ಮೇಲೆ ತೂ ದೇವಸ್ಥಾನದ ಹಿಂದಿನ ಅಂಗಳದಲ್ಲಿ ಸೇರುವ ಹಳೆಯ ಸಂಗೀತದ ಮೇಳದಲ್ಲಿ ಬಿದಿರಿನ ಕೊಳಲು ನುಡಿಸುತ್ತಿದ್ದರು. ಉಸಿರನ್ನು ನೂಲಿನ ಹಾಗೆ ಎಳೆಯಬೇಕಾದ ಸಂಗೀತ ಅದು. ಒಂದು ದಿನ ಎಲ್ಲರಂತೆ ಸರದಿಯಲ್ಲಿ ಕೂತು ಯಾ-ಹ್ವೆಯ ಕೋಣೆಗೆ ಬಂದರು. ಎಡ ಶ್ವಾಸಕೋಶದ ಮೇಲಿನ ಹಾಲೆಯ ಅಂಚಿನಲ್ಲಿ ಸಣ್ಣದೊಂದು ಗಂಟು.

ಯಾ-ಹ್ವೆ ಸ್ಕ್ಯಾನ್ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಮೇಷ್ಟ್ರೇ, ಇದಕ್ಕೆ ಭಾಗ ಮಾತ್ರ ತೆಗೀತೀನಿ. ಅಧ್ಯಯನ ಗಿಧ್ಯಯನ ಏನೂ ಬೇಡ. ನೀವು ಕೊಳಲು ಊದಬೇಕು."

"ಅಷ್ಟು ಸಾಕು ಅಂತ ನಿಂಗೆ ಗೊತ್ತಾ?"

"ನಂಬಿಕೆ ಇದೆ."

"ನಂಬಿಕೆ ನಂಗೂ ಇತ್ತಲ್ಲ, ಪೂರ್ತಿ ತೆಗೀಬೇಕು ಅಂತ. ಇಬ್ರಿಗೂ ಗೊತ್ತಿಲ್ಲ ಅನ್ನು. ನನ್ನನ್ನೂ ಚೀಟಿಗೆ ಹಾಕು."

"ಹಟ ಮಾಡಬೇಡಿ ಮೇಷ್ಟ್ರೇ."

"ಪಾಪ, ಅಡುಗೆಮನೆಯಿಂದ ಎದ್ದು ಬಂದ ಹೆಂಗಸರನ್ನ ಹಾಕ್ತೀಯ. ನಾನೇನು ಮೇಲಿಂದ ಇಳಿದು ಬಂದೆನಾ?"

ಅವಳು ಒಪ್ಪಿಗೆ ಪತ್ರವನ್ನು ಅವರ ಮುಂದಿಟ್ಟಳು. ಚೀಟಿ ಎದ್ದಿತು: ಪೂರ್ತಿ ಹಾಲೆ.

ಅವಳ ಮುಖ ಕಂಡೇ ಮೇಷ್ಟ್ರಿಗೆ ತಿಳಿಯಿತು. "ಒಳಗೆ ಹೋದ್ಮೇಲೆ ಕೈ ಹಿಡಿದು ಕಡಿಮೆ ಕೊಯ್ದೀಯ, ಹುಷಾರು! ನಾನೇ ಕಲಿಸಿದ ಕೈ ಅದು."

ಅವಳು ಹಾಲೆಯನ್ನು ಪೂರ್ತಿ ತೆಗೆದಳು. ಎಷ್ಟೋ ಸಲ ಮಾಡಿದ ಕೆಲಸ. ಆ ದಿನ ಮಾತ್ರ, ಉಳಿಸಿಕೊಳ್ಳಬಹುದಾಗಿತ್ತೇನೋ ಎನ್ನಿಸಿದ ಗುಲಾಬಿ ಬಣ್ಣದ ಅಷ್ಟಗಲ ತುಣುಕು ತಟ್ಟೆಗೆ ಬಿದ್ದಾಗ ಕಣ್ಣು ಬೇರೆಡೆ ತಿರುಗಿಸಿದಳು.

ಮೇಷ್ಟ್ರು ಚೇತರಿಸಿಕೊಂಡರು. ಹೂಮೀನಿನ ಗಂಜಿಯ ಅಂಗಡಿಗೆ ಮತ್ತೆ ನಡೆದೇ ಹೋಗತೊಡಗಿದರು. ಕೊಳಲು ಮಾತ್ರ ಒಗ್ಗಲಿಲ್ಲ. ಉದ್ದದ ಸ್ವರ ನಡುವೆಯೇ ಕಡಿಯುತ್ತಿತ್ತು. ಅದನ್ನು ಮೇಳದ ಇನ್ನೊಬ್ಬರಿಗೆ ಕೊಟ್ಟು, ತಾವು ತಾಳದ ಹಲಗೆ ಹಿಡಿದರು. ಅವಳೆದುರು ಒಮ್ಮೆಯೂ ಗೊಣಗಲಿಲ್ಲ. ಅದೇ ಅವಳಿಗೆ ಕಷ್ಟವಾಗಿತ್ತು.

ವರ್ಷಗಳ ಮೇಲೆ ಲೆಕ್ಕ ಬಂತು. ಭಾಗ ಮಾತ್ರ ತೆಗೆಸಿಕೊಂಡವರೂ ಉಳಿದವರಷ್ಟೇ ಬದುಕಿದ್ದರು. ಅವರ ಉಸಿರಾಟ ತುಸು ಚೆನ್ನಾಗೇ ಇತ್ತು. ಅವಳು ಬರೆದದ್ದನ್ನು ಹಿಡಿದು ಮೇಷ್ಟ್ರ ಮನೆಗೆ ಓಡಿದಳು. ಹೆಬ್ಬಾಗಿಲಲ್ಲೇ ಅದನ್ನು ಅವರ ಕೈಗಿಟ್ಟಳು. "ನೀವು ಕಳ್ಕೊಂಡಿದ್ದು ಸುಮ್ಮನೆ ಆಯ್ತಲ್ಲ ಮೇಷ್ಟ್ರೇ..."

"ಸುಮ್ಮನೆ ಹೇಗಾಗತ್ತೆ? ನನ್ನಂಥವರಿಲ್ದೆ ಯಾರ ಪಕ್ಕ ಇಟ್ಟು ನೋಡ್ತಿದ್ದೆ? ಕೂತ್ಕೋ." ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಒಂದು ಕಡೆ ಬೆರಳಿಟ್ಟರು. "ಭಾಗ ತೆಗೆಸ್ಕೊಂಡವರಲ್ಲಿ ಅದೇ ಜಾಗದಲ್ಲಿ ಗಂಟು ಮರಳಿದ್ದು ಜಾಸ್ತಿ. ಇದನ್ನ ಯಾಕೆ ಕೊನೇಲಿ ಬಚ್ಚಿಟ್ಟಿದ್ದೀಯ?"

"ಬಚ್ಚಿಟ್ಟಿಲ್ಲ. ಬರೆದಿದ್ದೀನಲ್ಲ."

"ಯಾರೂ ಓದದ ಕಡೆ ಬರೆದಿದ್ದೀಯ. ಮುಂದಕ್ಕೆ ತಾ."

ಅವಳಿಗೆ ಸಿಟ್ಟು ಬಂತು. ಚಹಾ ಕುಡಿಯದೆ ಎದ್ದು ಬಂದಳು. ಮನೆಗೆ ಬಂದು ಮತ್ತೆ ಓದಿದರೆ, ಮೇಷ್ಟ್ರು ಹೇಳಿದ್ದು ಸರಿಯಾಗಿತ್ತು. ಆ ಸಾಲುಗಳನ್ನು ಮೊದಲ ಪುಟಕ್ಕೆ ತಂದಳು.

ಈಗ ಅವಳ ಎದುರು ಕೂತವರಿಗೆ ಎರಡನ್ನೂ ಹೇಳುತ್ತಾಳೆ: ಉಳಿಯುವ ಉಸಿರನ್ನೂ, ಉಳಿಯಬಹುದಾದ ಭಯವನ್ನೂ. ಮೊನ್ನೆ ಒಬ್ಬ ಹೆಂಗಸು, "ನೀವೇ ಆಗಿದ್ರೆ ಏನ್ಮಾಡ್ತಿದ್ರಿ ಡಾಕ್ಟ್ರೇ?" ಎಂದು ಕೇಳಿದಳು. ಯಾ-ಹ್ವೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, "ನಿಮ್ಮ ದಿನ ಹೇಗೆ ಕಳೆಯತ್ತೆ, ಅದನ್ನ ಮೊದಲು ಹೇಳಿ," ಎಂದಳು.