ಐದರಿಂದ ಹನ್ನೆರಡರವರೆಗೆ

"ಮುಟ್ಟಿಗೆ ಮುಂಚಿನ ವಾರ ನಿದ್ದೆ ಹೇಗಿರುತ್ತಮ್ಮ?" ಎಂದು ಡಾಕ್ಟರು ಕೇಳಿದರು. ಕೇಳಿದ್ದು ಮಗಳನ್ನು. ಪಕ್ಕದ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ತಾಯಿ, ತನ್ನನ್ನೇ ಕೇಳಿದರೇನೋ ಎಂಬಂತೆ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು.

ಮಗಳು ಹೇಳುತ್ತಾ ಹೋದಳು. ಆ ವಾರ ಓದಿದ್ದು ತಲೆಗೆ ಹತ್ತುವುದಿಲ್ಲ, ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತೇನೆ, ಸಣ್ಣ ಮಾತಿಗೂ ಅಳು ಬರುತ್ತದೆ. ಡಾಕ್ಟರು ಎಲ್ಲವನ್ನೂ ಬರೆದುಕೊಂಡರು. ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯಾ, ದಿನಾ ಸ್ವಲ್ಪ ನಡೀತೀಯಾ, ಬೇಜಾರಾದರೆ ಯಾರ ಹತ್ತಿರ ಹೇಳಿಕೊಳ್ತೀಯಾ ಎಂದು ಒಂದೊಂದನ್ನೂ ಬಿಡಿಸಿ ಕೇಳಿದರು. ಇನ್ನು ಮೇಲೆ ಪ್ರತಿ ಸೋಮವಾರ ಇಲ್ಲಿಂದ ಒಬ್ಬರು ಫೋನ್ ಮಾಡಿ ವಾರ ಹೇಗಿತ್ತು ಎಂದು ವಿಚಾರಿಸುತ್ತಾರಂತೆ. ತಾಯಿಗೆ ಹೊಟ್ಟೆ ಉರಿಯಿತು. ಐವತ್ತೊಂದು ವರ್ಷದಲ್ಲಿ ಒಬ್ಬರಾದರೂ ಅವಳನ್ನು ನಿದ್ದೆ ಹೇಗಿದೆ ಎಂದು ಕೇಳಿರಲಿಲ್ಲ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂಬುದು ಅವಳಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ಕಡಿಮೆಯಾಗಲಿಲ್ಲ.

ಮಗಳು ಲ್ಯಾಬ್ ಟೆಕ್ನಿಷಿಯನ್ ಓದಿನ ಎರಡನೇ ವರ್ಷದಲ್ಲಿದ್ದಳು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ರಕ್ತದ ಎರಡು ನಳಿಗೆಗಳಿಗೆ ಚೀಟಿ ಅದಲುಬದಲು ಅಂಟಿಸಿ, ಒಬ್ಬ ಗಂಡಸಿಗೆ ಗರ್ಭ ನಿಂತಿದೆ ಎಂದು ವರದಿ ಬರೆದುಬಿಟ್ಟಿದ್ದಳು. ಕಾಲೇಜಿನವರು ನಕ್ಕರು, ಆಮೇಲೆ ಫೇಲ್ ಮಾಡಿದರು. ಶುಕ್ರವಾರದೊಳಗೆ ಡಾಕ್ಟರ ಪತ್ರ ತಂದರೆ ಹೆಚ್ಚು ಸಮಯ ಕೊಟ್ಟು ಮತ್ತೊಮ್ಮೆ ಪರೀಕ್ಷೆ ಮಾಡುತ್ತೇವೆ, ಇಲ್ಲವಾದರೆ ಇಡೀ ವರ್ಷ ಮತ್ತೆ ಓದಬೇಕು ಎಂದಿದ್ದರು.

"ನನಗೆ ಇದು ಎಡಿಎಚ್‌ಡಿ ಅಂತಲೇ ಅನ್ನಿಸ್ತಿದೆ, ಮನಸ್ಸು ಒಂದು ಕಡೆ ನಿಲ್ಲದಿರೋ ತೊಂದರೆ," ಎಂದರು ಡಾಕ್ಟರು. "ಆದರೆ ಚಿಕ್ಕಂದಿನಿಂದಲೂ ಇತ್ತಾ ಅಂತ ಗೊತ್ತಾಗದೆ ಪತ್ರ ಬರೆಯೋಕಾಗಲ್ಲ. ಅದು ತಾಯಿಗೆ ಮಾತ್ರ ಗೊತ್ತಿರೋದು." ಮೇಜಿನ ಮೇಲಿಂದ ನಾಲ್ಕು ಪುಟದ ಹಾಳೆಯೊಂದು ತಾಯಿಯ ಕಡೆಗೆ ಬಂತು. "ಐದು ವರ್ಷದಿಂದ ಹನ್ನೆರಡು ವರ್ಷದವರೆಗೆ ಹೇಗಿದ್ದಳು ಅಂತ ಬರೀರಿ ಅಮ್ಮ. ಗುರುವಾರ ತಂದುಕೊಡಿ."

ಹೊರಗೆ ಬಂದಮೇಲೆ ಮಗಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. "ಅಮ್ಮಾ, ಇದು ಸೋಮಾರಿತನ ಅಲ್ವಂತೆ. ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ. ನಮ್ಮ ಕಾಲದಲ್ಲಿ ಇದಕ್ಕೆಲ್ಲ ಹೆಸರೇ ಇರಲಿಲ್ಲ. ಬೆನ್ನಿಗೆ ಎರಡು ಬಿದ್ರೆ ಸರಿಹೋಗ್ತಿತ್ತು."

"ಸರಿಹೋಯ್ತಾ?"

ತಾಯಿ ತಕ್ಕ ಉತ್ತರವನ್ನೇ ಕೊಡುತ್ತಿದ್ದಳೋ ಏನೋ. ಅಷ್ಟರಲ್ಲಿ ಚೀಲವನ್ನು ಡಾಕ್ಟರ ಕೋಣೆಯಲ್ಲೇ ಬಿಟ್ಟುಬಂದದ್ದು ನೆನಪಾಗಿ, ಬಂದ ದಾರಿಯಲ್ಲೇ ಓಡಿದಳು.

ಅವಳು ಬಸ್ ಡಿಪೋದಲ್ಲಿ ಸೀಟುಗಳಿಗೆ ಹೊದಿಕೆ ಹೊಲಿಯುವವಳು. ಸ್ಪಂಜು ಕಿತ್ತುಬಂದ, ರೆಕ್ಸಿನ್ ಹರಿದ ಸೀಟುಗಳು ಅವಳ ಶೆಡ್ಡಿಗೆ ಬರುತ್ತಿದ್ದವು. ಉಳಿದವರು ಒಂದು ಸೀಟು ಮುಗಿಸಿ ಇನ್ನೊಂದನ್ನು ಎತ್ತಿಕೊಂಡರೆ, ಇವಳು ಏಕಕಾಲಕ್ಕೆ ನಾಲ್ಕನ್ನು ಹರಡಿಕೊಳ್ಳುತ್ತಿದ್ದಳು. ಒಂದು ಬೇಸರವಾದ ಕೂಡಲೇ ಮತ್ತೊಂದಕ್ಕೆ ಹಾರುವುದು, ಎಲ್ಲಿಗೆ ನಿಲ್ಲಿಸಿದೆ ಎಂಬುದನ್ನು ರೆಕ್ಸಿನ್ನಿನ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಬರೆದಿಡುವುದು. "ಇದೇನು ಸಂತೆಯಾ?" ಎಂದು ಮೇಸ್ತ್ರಿ ಮೊದಲ ವರ್ಷವೆಲ್ಲ ರೇಗಿದ. ಸಂಜೆ ಎಣಿಸಿದಾಗ ಇವಳದೇ ಹೆಚ್ಚಿರುತ್ತಿದ್ದುದರಿಂದ ಆಮೇಲೆ ತೆಪ್ಪಗಾದ. ಆದರೆ ಎರಡು ವರ್ಷದಿಂದ, ಮುಟ್ಟು ಏರುಪೇರಾದಾಗಿನಿಂದ, ಆ ಉಪಾಯವೂ ಕೈಕೊಡುತ್ತಿತ್ತು. ತಾನೇ ಬರೆದದ್ದನ್ನು ಓದಿ, ಇದೇಕೆ ಬರೆದೆ ಎಂದು ತಿಳಿಯದೆ ನಿಲ್ಲುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ವಯಸ್ಸಾಯಿತು ಅನ್ನುತ್ತಾರೆ ಅಷ್ಟೆ.

ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ, ರಿಪೇರಿಗೆ ನಿಂತಿದ್ದ ಖಾಲಿ ಬಸ್ಸೊಂದನ್ನು ಹತ್ತಿ ಹಾಳೆ ಬಿಡಿಸಿದಳು. ಪ್ರತಿ ಪ್ರಶ್ನೆಯ ಮುಂದೆ ನಾಲ್ಕು ಚೌಕ: ಎಂದೂ ಇಲ್ಲ, ಕೆಲವೊಮ್ಮೆ, ಆಗಾಗ್ಗೆ, ಯಾವಾಗಲೂ. ಮೊದಲ ಐದಕ್ಕೆ ಕಣ್ಣುಮುಚ್ಚಿಕೊಂಡು 'ಎಂದೂ ಇಲ್ಲ' ಎಂದು ಗುರುತು ಹಾಕಿದಳು. ಇವಳಿಗೇನಾಗಿದೆ ಧಾಡಿ? ಹೊಟ್ಟೆಗಿತ್ತು, ಬಟ್ಟೆಗಿತ್ತು, ಹೇಳಿದ್ದಕ್ಕೆ ಹೂಂಗುಟ್ಟುವ ಅಪ್ಪನಿದ್ದ. ನಾನು ಇಷ್ಟೆಲ್ಲ ಇಟ್ಟುಕೊಂಡೇ ಸಂಸಾರ ಮಾಡಲಿಲ್ಲವೇ, ಕೆಲಸ ಮಾಡಲಿಲ್ಲವೇ? ನನಗಿಲ್ಲದ ಪತ್ರ ಇವಳಿಗೇಕೆ? ಹೀಗೆಂದುಕೊಂಡಾಗ ಅವಳಿಗೆ ಒಂದು ಕ್ಷಣ ಹಾಯೆನಿಸಿತು. ಆಮೇಲೆ ನಾಚಿಕೆಯಾಗಿ, ಹಾಕಿದ ಗುರುತುಗಳನ್ನೆಲ್ಲ ಹೊಡೆದುಹಾಕಿದಳು.

ಆರನೆಯದು: ಶಾಲೆಯ ವಸ್ತುಗಳನ್ನು ಕಳೆದುಕೊಳ್ಳುತ್ತಿದ್ದಳೇ? ಉದಾಹರಣೆ ಕೊಡಿ. ತಾಯಿ ಪೆನ್ನು ಊರಿದಳು. ಒಂದು ಕಾಲಿನ ಚಪ್ಪಲಿ ಕಳೆದುಕೊಂಡು ಕುಂಟುತ್ತಾ ಮನೆಗೆ ಬಂದಳು ಎಂದು ಬರೆದಳು. ಉಪ್ಪು ತರಲು ಹೋದವಳು ಗಾಡಿಯ ಚಕ್ರಕ್ಕೆ ಬೆಸುಗೆ ಹಾಕುವುದನ್ನು ನೋಡುತ್ತಾ ಸಂಜೆಯವರೆಗೆ ನಿಂತಳು. ತಂಗಿಯನ್ನು ಅಂಗಡಿಯ ಮುಂದೆ ಮರೆತು ಬಂದಳು. ಬೆಂಚಿನ ಮೇಲೆ ನಿಲ್ಲಿಸಿದಾಗ ಕಿಟಕಿಯಾಚೆಗಿನದೆಲ್ಲ ಚೆನ್ನಾಗಿ ಕಾಣುವುದೆಂದು ಖುಷಿಪಟ್ಟಳು. ಬರೆಯುತ್ತಾ ಹೋದಂತೆ ಕೈ ಓಡತೊಡಗಿತು. ಜಾಗ ಸಾಲದೆ ಅಂಚಿನಲ್ಲಿ ಬರೆದಳು, ಹಿಂಬದಿಗೆ ತಿರುಗಿಸಿದಳು. ಸೈರನ್ ಕೂಗಿದ್ದು ಕೇಳಿಸಲಿಲ್ಲ. ಮೇಸ್ತ್ರಿ ಬಂದು ಬಸ್ಸಿನ ತಗಡಿಗೆ ಗುದ್ದಿದಾಗ ಕೊನೆಯ ಪ್ರಶ್ನೆಗೆ ಬಂದಿದ್ದಳು. ಮನೆಯಲ್ಲಿ ಯಾರಾದರೂ ಅವಳನ್ನು ಸೋಮಾರಿ, ದಡ್ಡಿ ಎಂದು ಜರೆಯುತ್ತಿದ್ದರೇ? ಯಾರು? 'ತಂದೆ' ಎಂದು ಒತ್ತಿ ಬರೆದು ಹಾಳೆಯನ್ನು ಮಡಚಿದಳು. ಮತ್ತೆ ಓದಿ ನೋಡಲಿಲ್ಲ. ಓದಿ ನೋಡುವ ಅಭ್ಯಾಸ ಅವಳಿಗೆ ಎಂದೂ ಇರಲಿಲ್ಲ.

ಗುರುವಾರ ಡಾಕ್ಟರು ಹಾಳೆಯನ್ನು ನಿಧಾನವಾಗಿ ಓದಿದರು. ಮಗಳು ಉಗುರು ಕಚ್ಚುತ್ತಾ ಕೂತಿದ್ದಳು.

"ತಂಗಿನ ಅಂಗಡಿ ಮುಂದೆ ಮರೆತುಬಿಟ್ಟಿದ್ದೆಯಂತೆ, ಆಗ ನಿನಗೆಷ್ಟು ವಯಸ್ಸು?"

"ಯಾವ ತಂಗಿ ಡಾಕ್ಟ್ರೇ?" ಎಂದಳು ಮಗಳು. "ನಾನು ಒಬ್ಬಳೇ ಮಗಳು."

ಡಾಕ್ಟರು ಹಾಳೆ ತಿರುವಿದರು. "ತಂದೆ ಹೊಡೆದು ಬಾಗಿಲಾಚೆ ನಿಲ್ಲಿಸ್ತಿದ್ದರು ಅಂತಲೂ ಇದೆ."

"ನಮ್ಮಪ್ಪ? ನಮ್ಮಪ್ಪ ನೊಣಕ್ಕೂ ಹೊಡೆಯಲ್ಲ!" ಮಗಳು ತಾಯಿಯ ಕಡೆ ತಿರುಗಿದಳು. "ಅಮ್ಮಾ, ಏನಿದು? ಯಾರದ್ದು ಬರೆದಿದ್ದೀಯ?"

ತಾಯಿಯ ಮುಖ ಕೆಂಪಗಾಯಿತು. ಹಾಳೆಯ ತುಂಬ ಬರೀ ಅವಳು, ಅವಳು ಎಂದಿತ್ತು. ಬರೆಯುವಾಗ ಆ ಅವಳು ಯಾವಾಗ ತಾನಾದಳೋ ಅವಳಿಗೆ ತಿಳಿದೇ ಇರಲಿಲ್ಲ. "ಏನೋ ಗ್ಯಾನದಲ್ಲಿ..." ಎಂದಳು.

ಡಾಕ್ಟರು ನಗಲಿಲ್ಲ. ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು. "ಇಲ್ಲಿಗೆ ಹದಿನೈದರವರೂ ಬರ್ತಾರೆ, ಎಪ್ಪತ್ತರವರೂ ಬರ್ತಾರೆ ಅಮ್ಮ. ಎಷ್ಟೋ ಜನಕ್ಕೆ ಮುಟ್ಟು ನಿಲ್ಲೋ ಹೊತ್ತಿಗೆ ಇದು ಜಾಸ್ತಿಯಾಗುತ್ತೆ. ನಿಮಗೆ ನಿದ್ದೆ ಹೇಗಿದೆ?"

ಕೊನೆಗೂ ಕೇಳಿದರು. ತಾಯಿಗೆ ಸೀಮೆಸುಣ್ಣದಿಂದ ಬರೆದದ್ದೂ ಅರ್ಥವಾಗದಿರುವುದನ್ನು, ಮೂರು ಗಂಟೆಗೇ ಎಚ್ಚರವಾಗುವುದನ್ನು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡಬೇಕೆನಿಸಿತು. "ನಿದ್ದೆ..." ಎಂದು ಶುರುಮಾಡಿ ಮಗಳನ್ನು ನೋಡಿದಳು. ಮಗಳು ಗೋಡೆ ಗಡಿಯಾರವನ್ನು ನೋಡುತ್ತಿದ್ದಳು. ಒಂದು ಗಂಟೆಗೆ ಕ್ಲಿನಿಕ್ಕು ಮುಚ್ಚುತ್ತದೆ, ನಾಳೆಯೇ ಶುಕ್ರವಾರ. ಮಗಳು ತುಟಿ ಬಿಗಿಹಿಡಿದು, ಕಣ್ಣು ಸಣ್ಣದು ಮಾಡಿಕೊಂಡು, ತಾಯಿಯ ಕಡೆ ತಿರುಗಿದ್ದ ಡಾಕ್ಟರ ಬೆನ್ನನ್ನು ಒಮ್ಮೆ ನೋಡಿದಳು. ಅದು ಹೊಟ್ಟೆಕಿಚ್ಚು ಎಂದು ತಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನನ್ನದು ಇನ್ನೊಂದು ದಿನ ಹೇಳ್ತೀನಿ," ಎಂದಳು. ಹಾಗೆ ಹೇಳುವುದು ಅವಳಿಗೆ ಕಷ್ಟವಾಯಿತು. "ಇನ್ನೊಂದು ಹಾಳೆ ಕೊಡಿ ಡಾಕ್ಟ್ರೇ. ಇಲ್ಲೇ ತುಂಬಿಕೊಡ್ತೀನಿ."

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ಕ್ಲಿನಿಕ್ಕು ಮುಚ್ಚಲು ಇನ್ನು ಇಪ್ಪತ್ತೈದು ನಿಮಿಷವಿತ್ತು. ಈ ಸಲ ತಾಯಿ ಪ್ರತಿ ಪ್ರಶ್ನೆಯನ್ನೂ ಬಾಯಿಬಿಟ್ಟು ಓದಿ, ಮಗಳ ಮುಖ ನೋಡಿ, ಆಮೇಲೆ ಬರೆದಳು. ಕೈ ಓಡಲಿಲ್ಲ. ಮಗಳು ಏನನ್ನಾದರೂ ಕಳೆದುಕೊಂಡ ನೆನಪೇ ಇರಲಿಲ್ಲ, ಯಾಕೆಂದರೆ ಪ್ರತಿ ಬೆಳಿಗ್ಗೆ ಅವಳ ಶಾಲೆಯ ಚೀಲವನ್ನು ಮೂರು ಮೂರು ಸಲ ತೆಗೆದು ನೋಡುತ್ತಿದ್ದವಳು ತಾನೇ. ಪಾಠದ ಮುಂದೆ ಕೂರಿಸಿ ರಟ್ಟೆ ಹಿಡಿದುಕೊಂಡಿರುತ್ತಿದ್ದವಳೂ ತಾನೇ. ಬಿಟ್ಟಿದ್ದರೆ? ಬಿಟ್ಟಿದ್ದರೆ ಈ ಹುಡುಗಿಯೂ ಒಂದೇ ಕಾಲಿನ ಚಪ್ಪಲಿಯಲ್ಲಿ ಬರುತ್ತಿದ್ದಳು. 'ಯಾವಾಗಲೂ' ಎಂಬ ಚೌಕಕ್ಕೆ ಗುರುತು ಹಾಕಿ, ಪಕ್ಕದಲ್ಲಿ 'ನಾನು ಹಿಂದೆ ಹಿಂದೆ ಇರುತ್ತಿದ್ದೆ' ಎಂದು ಬರೆದಳು. ತನಗೆ ಹಾಗೆ ಹಿಂದೆ ಬರುವವರು ಯಾರೂ ಇರಲಿಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು. ಉರಿಯುತ್ತಿದ್ದಂತೆಯೇ ಮುಂದಿನ ಪುಟಕ್ಕೆ ಹೋದಳು.

ಕೊನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಓದಲಿಲ್ಲ. ಪೆನ್ನು ನಿಂತಿತು. ಮಗಳು ಬಗ್ಗಿ ನೋಡಿ, ತಕ್ಷಣ ಬೇರೆ ಕಡೆ ನೋಡಿದಳು.

"ಅದನ್ನ ಖಾಲಿ ಬಿಡಮ್ಮ," ಎಂದಳು. "ಒಂದು ಬಿಟ್ರೆ ಏನಾಗಲ್ಲ."

"ಎಲ್ಲಾನೂ ತುಂಬಬೇಕು ಅಂತ ಬರೆದಿದೆ."

ತಾಯಿ ಬರೆದಳು. ಎರಡೇ ಅಕ್ಷರದ ಉತ್ತರ, 'ತಾಯಿ' ಎಂದು. ಅದರ ಮುಂದೆ ಇನ್ನೇನಾದರೂ ಸೇರಿಸಬಹುದೇ ಎಂದು ಪೆನ್ನನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ತಲೆಯ ಮೇಲಿನ ಫ್ಯಾನಿನ ಗಾಳಿಗೆ ಹಾಳೆ ಪಟಪಟನೆ ಏಳುತ್ತಿತ್ತು. ಮಗಳು ಕೈ ಚಾಚಿ, ಹಸಿ ಮಸಿಗೆ ಬೆರಳು ತಾಗದಂತೆ, ಹಾಳೆಯ ತುದಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದಳು.