ಒಂದೂಕಾಲು ಗಂಟೆಯ ದಾರಿ

ವಿಮಾನ ನೆಲ ಬಿಟ್ಟಾಗ ಟೈಲರಕ್ಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಸೀಟಿನ ತೋಳುಗಳನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹೊಟ್ಟೆಯೊಳಗಿದ್ದದ್ದೆಲ್ಲ ಗಂಟಲಿಗೆ ಬಂದಂತಾಯಿತು. ಬೀದಿಯವರೆಲ್ಲ ಕರೆಯುತ್ತಿದ್ದದ್ದೇ ಟೈಲರಕ್ಕ ಎಂದು. ತಲೆಗೂದಲೆಲ್ಲ ನರೆತ ಮೇಲೆ ಇದು ಅವಳ ಮೊದಲ ವಿಮಾನ.

ಬೆಳಿಗ್ಗೆ ತಂಗಿಯ ಗಂಡ ಫೋನ್ ಮಾಡಿದ್ದ. ಮುಂದಿನ ವಾರಕ್ಕಿದ್ದ ಹೃದಯದ ಆಪರೇಷನ್ನನ್ನು ಇವತ್ತು ಸಂಜೆಯೇ ಮಾಡುತ್ತಾರಂತೆ, ಡಾಕ್ಟರು ಯಾವ ಭರವಸೆಯನ್ನೂ ಕೊಡುತ್ತಿಲ್ಲ, ಅವಳು ಅಕ್ಕ ಅಕ್ಕ ಎಂದು ಕನವರಿಸುತ್ತಿದ್ದಾಳೆ ಎಂದ. ಟೈಲರಕ್ಕ ಅಂಗಡಿಯ ಹೊಲಿಗೆ ಮಿಶನ್ನಿನ ಮುಂದೆಯೇ ಅಳತೊಡಗಿದಳು. ತಂಗಿಯ ಊರೆಂದರೆ ಬೆಟ್ಟಗಳಾಚೆ, ಬಸ್ಸಿನಲ್ಲಿ ಎರಡು ದಿನ. ಮದುವೆಯಾದ ಹೊಸತರಲ್ಲಿ ತಂಗಿಯನ್ನು ಅಲ್ಲಿಗೆ ಬಿಟ್ಟುಬರಲು ಹೋದಾಗ ತಿರುವು ತಿರುವಿಗೂ ವಾಂತಿ ಮಾಡಿಕೊಂಡು ಹೈರಾಣಾಗಿದ್ದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಮಗು ಹುಟ್ಟಿದಾಗಲೂ, ಅವರು ಮನೆ ಕಟ್ಟಿದಾಗಲೂ, ದೂರ ಕಣೇ ಎಂದು ಫೋನಿನಲ್ಲೇ ಮುಗಿಸಿದ್ದಳು.

ಅಳು ಕೇಳಿ ಬಂದವನು ಪಕ್ಕದಂಗಡಿಯಲ್ಲಿ ಟಿಕೆಟ್ ಮಾಡಿಕೊಡುವವ. ವಿಷಯ ತಿಳಿದು ಮೊಬೈಲಿನಲ್ಲಿ ನಕ್ಷೆ ತೆಗೆದು ತೋರಿಸಿದ. ರಸ್ತೆ ಸುತ್ತಿ ಸುತ್ತಿ ಹೋಗಿತ್ತು. ಎರಡು ವಿಮಾನ ನಿಲ್ದಾಣಗಳ ನಡುವೆ ಮಾತ್ರ ಒಂದೇ ಒಂದು ಗೆರೆ.

"ನೇರಕ್ಕೆ ಐನೂರು ಕಿಲೋಮೀಟರೂ ಇಲ್ಲ ಅಕ್ಕ. ಒಂದೂಕಾಲು ಗಂಟೆ."

"ಯಾವುದು, ನಿಲ್ದಾಣಕ್ಕಾ?"

"ಅಲ್ಲ, ನಿಮ್ಮ ತಂಗಿ ಊರಿಗೆ."

ತಮಾಷೆ ಮಾಡುತ್ತಿದ್ದಾನೆ ಎಂದೇ ಅನಿಸಿತು. ಆದರೂ ಅರ್ಧ ಹೊಲಿದಿದ್ದ ನೀಲಿ ರವಿಕೆಯನ್ನು ಮಿಶನ್ನಿನ ಮೇಲೇ ಬಿಟ್ಟು ಹೊರಟುಬಿಟ್ಟಳು.

ಪಕ್ಕದ ಸೀಟಿನ ಮುದುಕರು, ಬೆಟ್ಟ ಬಂತು ನೋಡಿ ತಾಯಿ, ಎಂದಾಗ ಕಣ್ಣು ಬಿಟ್ಟಳು. ಜೀವಮಾನವೆಲ್ಲ ಅಡ್ಡ ನಿಂತಿದ್ದ ಬೆಟ್ಟಗಳು ಕಾಲ ಕೆಳಗೆ ಮಲಗಿದ್ದವು. ಬಿಸಿಲಿಗೆ ಅವುಗಳ ನೆತ್ತಿ ಹೊಳೆಯುತ್ತಿತ್ತು. ಮೋಡವೊಂದರ ನೆರಳು ಕಣಿವೆಗಿಳಿದು, ಆಚೆಯ ಇಳಿಜಾರನ್ನು ಮೆಲ್ಲಗೆ ಹತ್ತುತ್ತಿತ್ತು. ಅಂದು ಬಸ್ಸಿಳಿದು ಕಲ್ಲೊಂದರ ಮೇಲೆ ಕೂತು, ಇನ್ನು ನನ್ನಿಂದಾಗಲ್ಲ ಎಂದು ಅತ್ತಿದ್ದ ತಿರುವು ಎಲ್ಲಿರಬಹುದೆಂದು ಹುಡುಕಿದಳು. ಹುಡುಕುತ್ತಿರುವಷ್ಟರಲ್ಲೇ ಬೆಟ್ಟಸಾಲು ಮುಗಿದು, ಬಯಲೂ ಒಂದು ನದಿಯೂ ಕಾಣಿಸಿದವು. ವಾಕರಿಕೆ ಯಾವಾಗ ಹೋಯಿತೋ ತಿಳಿಯಲಿಲ್ಲ.

"ಇಷ್ಟೇನಾ?" ಎಂದಳು.

ಮುದುಕರು ಏನು ಎಂದು ಕೇಳಿದರು. ಅವಳು ಹಿಂದೆ ಸರಿಯುತ್ತಿದ್ದ ಬೆಟ್ಟಗಳತ್ತ ಬೆರಳು ತೋರಿಸಿದಳು.

ಆಸ್ಪತ್ರೆ ತಲುಪುವ ಹೊತ್ತಿಗೆ ತಂಗಿಯನ್ನು ಒಳಗೆ ಕರೆದೊಯ್ಯುತ್ತಿದ್ದರು. ಮಂಪರಿನ ಕಣ್ಣು ಅಕ್ಕನ ಮುಖದ ಮೇಲೆ ಒಂದು ಗಳಿಗೆ ನಿಂತು ಮುಚ್ಚಿಕೊಂಡಿತು. ಆಮೇಲೆ ಬಾಗಿಲಾಚೆ ಬಹಳ ಹೊತ್ತಿನ ಕಾಯುವಿಕೆ. ಕೊನೆಗೆ ಡಾಕ್ಟರು ಹೊರಬಂದು, ಗಂಡಾಂತರ ಕಳೆಯಿತು ಎಂದರು.

ಮರುದಿನ ತಂಗಿಗೆ ಪೂರ್ತಿ ಎಚ್ಚರವಾಯಿತು. ಪಕ್ಕದಲ್ಲಿ ಕೂತಿದ್ದ ಅಕ್ಕನ ತೋಳನ್ನು ಮುಟ್ಟಿ ಮುಟ್ಟಿ ನೋಡಿದಳು.

"ಕನಸು ಅಂದ್ಕೊಂಡೆ. ಯಾವತ್ತು ಹೊರಟೆ?"

"ನಿನ್ನೆ ಮಧ್ಯಾಹ್ನ ಕಣೇ."

"ಸುಮ್ನಿರಕ್ಕ. ಎರಡು ದಿನದ ದಾರಿ."

ತಂಗಿಯ ಬೆರಳಿಗೆ ಅಕ್ಕನ ತೋಳಿನ ಮೇಲೆ ಅಂಟಿಕೊಂಡಿದ್ದ ನೀಲಿ ದಾರದ ಎಳೆಯೊಂದು ಸಿಕ್ಕಿತು. ತಂಗಿ ಅದನ್ನು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ನೋಡುತ್ತಲೇ ಇದ್ದಳು.